ಪ್ಲಗ್ ಹಾಕಿದ ಕಾರಿಗೆ ಮೈಲೇಜ್ ಎಷ್ಟು?

ಕಳೆದ ಭಾನುವಾರ ಬೆಳಿಗ್ಗೆ ಹೆಬ್ಬಾಳದ ಪೆಟ್ರೋಲ್ ಬಂಕ್‌ನಲ್ಲಿ ನಾನು ಮತ್ತು ಪಕ್ಕದ ಮನೆಯ ಶಿವಾನಂದ ಒಂದು ಕಾರನ್ನು ಅತ್ತಿತ್ತ ಅಲುಗಾಡಿಸಿದೆವು. ಕಾರು ಕೆಟ್ಟಿರಲಿಲ್ಲ.

"ಜೋರ್ ಅಲಗಾಡಸ್ರಿ ಸರ. ಟ್ಯಾಂಕಿನ್ಯಾಗ ಗಾಳಿ ಉಳದ್ರ ಲೆಕ್ಕ ತಪ್ಪತೈತಿ" ಎಂದರು ಶಿವಾನಂದ.

ಹಿಂದೆ ಸ್ಕೂಟರ್‌ನಲ್ಲಿ ಕಾಯುತ್ತಿದ್ದವನು, "ಏನ್ ಗುರು, ತೊಟ್ಟಿಲು ತೂಗ್ತಿದ್ದೀರಾ? ಬೇಗ ಮಲಗ್ಸಿ, ನಾನ್ ಹೋಗ್ಬೇಕು" ಎಂದ.

ಶಿವಾನಂದ ಧಾರವಾಡದ ಕಡೆಯವರು. ಯಲಹಂಕದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾರೆ. ಅಲ್ಲಾಳಸಂದ್ರದಲ್ಲಿ ನಮ್ಮದೂ ಅವರದೂ ಒಂದೇ ಕಾಂಪೌಂಡ್ ಗೋಡೆ. ಅವರದು ಹಳೆಯ ಹೈಬ್ರಿಡ್ ಕಾರು: ಪೆಟ್ರೋಲ್ ಎಂಜಿನ್ ಇದೆ, ಬ್ರೇಕ್ ಒತ್ತಿದಾಗೆಲ್ಲ ತಾನೇ ಚಾರ್ಜ್ ಆಗುವ ಸಣ್ಣ ಬ್ಯಾಟರಿಯೂ ಇದೆ. ಯಶವಂತಪುರದ ಗ್ಯಾರೇಜೊಂದು ಅದರ ಡಿಕ್ಕಿಯಲ್ಲಿ ಇನ್ನೊಂದು ದೊಡ್ಡ ಬ್ಯಾಟರಿ ಕೂರಿಸಿ, ಮನೆಯ ಪ್ಲಗ್‌ನಿಂದಲೇ ಚಾರ್ಜ್ ಆಗುವಂತೆ ಮಾಡಿಕೊಟ್ಟಿತ್ತು. (ಇದಕ್ಕೆ ಆರ್‌ಟಿಒ ಒಪ್ಪಿಗೆ ಬೇಡವೇ ಎಂದು ಕೇಳಿದೆ. "ವಿಚಾರಸ್ತೀನ್ರಿ" ಎಂದರು.) ಮೈಲೇಜ್ ಏರದಿದ್ದರೆ ಶನಿವಾರದೊಳಗೆ ತನ್ನಿ, ಬಿಚ್ಚಿ ವಾಪಸ್ ತಗೋತೀವಿ ಎಂದು ಗ್ಯಾರೇಜಿನವರು ಹೇಳಿದ್ದರು. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತೆಂದು ನೋಡುವುದೇ ಅಳತೆ. ಪತ್ರಿಕೆಯವನೆಂಬ ಕಾರಣಕ್ಕೆ ಅದಕ್ಕೆ ನಾನು ಸಾಕ್ಷಿ.

ಏರಿತೇ?

ಬುಧವಾರ ಮತ್ತೆ ಫುಲ್ ಟ್ಯಾಂಕ್ ಮಾಡಿಸಿದಾಗ ಪೆಟ್ರೋಲ್ ಸ್ವಲ್ಪವೇ ಹಿಡಿಯಿತು. ಶಿವಾನಂದ ಕುಣಿಯುವುದೊಂದು ಬಾಕಿ. ಮನೆ ತಲುಪಿದ ಮೇಲೆ ನೆನಪಾಯಿತು, ಈ ಸಲ ಕಾರನ್ನು ಅಲುಗಾಡಿಸಿಯೇ ಇರಲಿಲ್ಲ.

ಅದಿರಲಿ, ಗೋಡೆಯ ಪ್ಲಗ್‌ನಿಂದ ಎಳೆದ ಕರೆಂಟ್ ಲೆಕ್ಕಕ್ಕಿಲ್ಲವೇ? ಯೂನಿಟ್ಟನ್ನು ಲೀಟರ್‌ಗೆ ಕೂಡಿಸುವುದು ಹೇಗೆ? ಕಾಲೇಜಿಗೆ ಹೋಗಿಬರಲು ಬ್ಯಾಟರಿಯೇ ಸಾಕು. ದೇವನಹಳ್ಳಿ ದಾಟಿದರೆ ಬ್ಯಾಟರಿ ಖಾಲಿ. ಅದರ ಭಾರವನ್ನೂ ಪೆಟ್ರೋಲೇ ಎಳೆಯಬೇಕು. ಹಾಗಾದರೆ ಯಾವ ದಾರಿಯ ಮೈಲೇಜ್ ನಿಜ? ಗಣಿತದ ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಸಾಕ್ಷಿಗಂತೂ ಇಲ್ಲವೇ ಇಲ್ಲ.

ಅವರ ಹೆಂಡತಿ ಗಿರಿಜಾ ಚಹಾ ತಂದಿಟ್ಟರು. "ಅತ್ತಿಯವರ ಗಾಲಿಕುರ್ಚಿ ಎಲ್ಲಿ ಇಡೂಣು? ಅದನ್ನ ಮೊದಲ ಹೇಳ್ರಿ."

ಡಿಕ್ಕಿಯ ತುಂಬ ಬ್ಯಾಟರಿ. ಶಿವಾನಂದರ ತಾಯಿಯನ್ನು ಸಹಕಾರನಗರಕ್ಕೆ ಫಿಸಿಯೊಥೆರಪಿಗೆ ಕರೆದೊಯ್ಯಬೇಕು. ಅವರನ್ನು ಹತ್ತಿಸಿ ಇಳಿಸಲು ಇಬ್ಬರು ಬೇಕು. ಮಡಚಿದರೂ ಕುರ್ಚಿ ಹಿಂದಿನ ಸೀಟನ್ನೆಲ್ಲ ಹಿಡಿಯುತ್ತದೆ. ಅತ್ತೆ ಮುಂದೆ ಕುಳಿತರೆ ಸೊಸೆಗೆ ಜಾಗವಿಲ್ಲ.

"ನಾ ಆಟೋದಾಗ ಹಿಂದ ಬರ್ತೀನಿ. ಆ ಆಟೋದ ಗ್ಯಾಸೂ ನಿಮ್ಮ ಮೈಲೇಜಿಗೆ ಹಚ್ಕೋರಿ" ಎಂದರು ಗಿರಿಜಾ.

"ಇನ್ನೊಂದ್ ಸಲ ಅಳೀತೀನಿ ತಡಿ. ಆಮ್ಯಾಲ ಬಿಚ್ಚಸ್ತೀನಿ" ಎಂದ ಶಿವಾನಂದ, ನನ್ನ ಮುಖ ನೋಡಿ, "ಇಲ್ಲಾ, ಇಟ್ಕೊಳ್ಳೋಣೇನ್ರಿ?" ಎಂದರು.

ಒಳಗಿನಿಂದ ತಾಯಿಯ ದನಿ ಬಂತು: "ಗಿರಿಜವ್ವ, ನಾನೂ ನಿನ್ ಕೂಡ ಆಟೋದಾಗ ಬರ್ತೀನಿ. ಗಾಳೀನರ ಬಡೀತೈತಿ."

ಶನಿವಾರ ಮಧ್ಯಾಹ್ನದವರೆಗೆ ಕಾರು ಗ್ಯಾರೇಜಿಗೆ ಹೋಗಿಲ್ಲ. ಅಂದು ಬೆಳಿಗ್ಗೆ ಅತ್ತೆ, ಸೊಸೆ ಆಟೋದಲ್ಲಿ ಫಿಸಿಯೊಥೆರಪಿಗೆ ಹೋದರು. ಅವರ ಹಿಂದೆಯೇ ಗಾಲಿಕುರ್ಚಿ ಕಾರಿನಲ್ಲಿ ಹೋಯಿತು.