ಸ್ವಿಚ್ಚಿನ ಮುಂದಿನ ಸ್ಟೂಲು

ಕಲ್ಯಾಣದುರ್ಗದಾಚೆಯ ಸೆಟ್ಟೂರಿನಿಂದ ಕೂಲಿಗೆ ಬಂದ ಸಣ್ಣಕ್ಕನಿಗೆ ಹಿಂದೂಪುರದ ನಮ್ಮ ಕೋಳಿ ಆಹಾರದ ಕಾರ್ಖಾನೆಯಲ್ಲಿ ಒಂದೇ ಕೆಲಸ. ಆಹಾರ ಕಲಸುವ ದೊಡ್ಡ ಮಿಕ್ಸರಿನೊಳಗೆ ಇಳಿದು ಯಾರಾದರೂ ತೊಳೆಯುವಾಗ, ಬೇರೆಯವರು ಸ್ವಿಚ್ ಒತ್ತದ ಹಾಗೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು. ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಒಳಗಿಳಿದವನ ಕೈಗೇ ಕೊಡಿ ಎಂದು ಇಲ್ಲಿನ ಎಲೆಕ್ಟ್ರಿಷಿಯನ್ ಆದ ನಾನು ಬಾಯಿ ನೋಯುವಷ್ಟು ಹೇಳಿದ್ದೆ. ಹೆಂಗಸು ಕೂತಿದ್ದಾಳಲ್ಲ, ಬೀಗ ಯಾಕೆ ಅಂದರು ಮೇಲಿನವರು.

ಹೋದ ತಿಂಗಳು ಒಳಗಿಳಿದಿದ್ದವನು ಅವಳ ಗಂಡ ಬೋರಪ್ಪ. ಮ್ಯಾನೇಜರ್ ಬಂದರು. ದೊಡ್ಡವರು ಬಂದಾಗ ಕೂತಿರಬಾರದು ಎಂದು ಕಲಿತವಳು, ಸೆರಗು ಸರಿಮಾಡಿಕೊಂಡು ಎದ್ದು ಪಕ್ಕಕ್ಕೆ ನಿಂತಳು. ಮಿಷನ್ ಯಾಕೆ ನಿಂತಿದೆ ಎಂದು ತೆಲುಗಿನಲ್ಲಿ ಬೈಯುತ್ತಲೇ, ಒಳಗೆ ಆಳಿದ್ದಾನೆ ಎಂದು ಅವಳು ಹೇಳುವಷ್ಟರಲ್ಲಿ, ಅವರು ಸ್ವಿಚ್ ಒತ್ತಿಬಿಟ್ಟರು. ಬೋರಪ್ಪನ ಮುಖವನ್ನು ಅವಳಿಗೆ ನಾವು ತೋರಿಸಲಿಲ್ಲ.

ಈಗ ಒಳ್ಳೆಯ ಬೀಗ ಆರಿಸು ಅಂತಾರೆ. ನಾಲ್ಕೈದು ನಮೂನೆ ತರಿಸಿ ಮೇಜಿನ ಮೇಲೆ ಹರಡಿಕೊಂಡಿದ್ದೆ. ಬೀಗ ಬಂದ ಮೇಲೆ ನೀನ್ಯಾಕೆ ಅನ್ನಿಸಿಕೊಂಡು ಊರಿಗೆ ಹೊರಟಿದ್ದ ಸಣ್ಣಕ್ಕ, ಒಂದನ್ನು ಅಂಗೈಯಲ್ಲಿಟ್ಟು ನೋಡಿದಳು.

"ದೊಡ್ಡೋರು ಬಂದ್ರೆ ಇದು ಏಳಲ್ವೇನಪ್ಪ?"

"ಏಳಲ್ಲ ಕಣಕ್ಕ."

"ಅಂಗಾದ್ರೆ ಇದೇ ಇರ್ಲಿ. ನಂಗೆ ಕಲಿಸ್ದಂಗೆ ಇದಕ್ಕೂ ಮರ್ಯಾದೆ ಕಲಿಸ್ಬ್ಯಾಡ್ರಪ್ಪ."