ಸದ್ದಿಲ್ಲದೆ ಹೆರುವವರ ಮನೆ

ನನ್ನ ಗಂಡನ ಮನೆಯವರ ಎದೆಗಾರಿಕೆಯ ಕತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಮಾವ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ಒಮ್ಮೆ ಮೊಣಕೈವರೆಗೆ ಸುಟ್ಟುಕೊಂಡರೂ ಶಿಫ್ಟ್ ಮುಗಿಸಿಯೇ ಮನೆಗೆ ಬಂದರಂತೆ. ಆ ಕೈಯ ಬೆರಳುಗಳು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ, ಅನ್ನ ಕಲಸಲು ಒದ್ದಾಡುತ್ತಾರೆ. ಆದರೆ ನೆಂಟರು ಬಂದರೆ ಸಾಕು, ಟೂರ್ನಮೆಂಟಿನಲ್ಲಿ ಗೆದ್ದ ಕಪ್ಪಿನ ಹಾಗೆ ಅದನ್ನೇ ಎತ್ತಿ ತೋರಿಸುತ್ತಾರೆ. ಮೊದಲೇ ಡಾಕ್ಟರ ಹತ್ತಿರ ಹೋಗಿದ್ದರೆ ಬೆರಳು ಉಳಿಯುತ್ತಿತ್ತಲ್ಲ ಎಂದು ನಾನು ಒಮ್ಮೆ ಕೇಳಿ, ಮನೆಯವರೆಲ್ಲರ ಮುಖ ಕೆಡಿಸಿದ್ದೆ.

ಅತ್ತೆ ಇನ್ನೂ ಒಂದು ಕೈ ಮೇಲು. "ನಾನು ಹೆತ್ತಿದ್ದು ಪಕ್ಕದ ರೂಮಿನವರಿಗೂ ಗೊತ್ತಾಗಿಲ್ಲ. ತುಟಿ ಕಚ್ಚಿಕೊಂಡೆ, ಮುಗೀತು," ಎನ್ನುತ್ತಿದ್ದರು. ಬಸುರಿಯರನ್ನು ಕಂಡರಂತೂ ಈ ಮಾತು ತಪ್ಪುತ್ತಿರಲಿಲ್ಲ. ಹೆರುವಾಗ ಬಾಯಿ ಬಿಡದವಳೇ ಹೆಣ್ಣು ಎನ್ನುವುದು ಆ ಮನೆಯ ಕಾನೂನು.

ನಾನೋ, ಶಿವಮೊಗ್ಗದ ಕೋಟೆ ಕಡೆಯ ಮೇಷ್ಟ್ರ ಮಗಳು. ಕಾಲಿಗೆ ಮುಳ್ಳು ಚುಚ್ಚಿದರೂ ಬೀದಿಗೆಲ್ಲ ಕೇಳುವಂತೆ ಕೂಗುವವಳು. ತವರಿನಲ್ಲಿ ನನ್ನ ಹೆರಿಗೆಯಾದಾಗ ಅತ್ತೆ ಆಸ್ಪತ್ರೆಯ ವರಾಂಡದಲ್ಲಿ ನಿಂತು ನನ್ನ ಕೂಗನ್ನೆಲ್ಲ ಕೇಳಿಸಿಕೊಂಡರು. ಮೊಮ್ಮಗನ ಮುಖ ನೋಡುವ ಮೊದಲೇ ಗಂಡನ ಮನೆಯಿದ್ದ ಜನ್ನಾಪುರಕ್ಕೆ, ಪಕ್ಕದ ಮನೆಯವಳಿಗೆ ಫೋನು ಹೋಯಿತು. "ಏನ್ ಕಿರುಚಾಟ ಮಾರಾಯ್ತಿ! ಲೋಕದಲ್ಲಿ ಇವಳೊಬ್ಬಳೇ ಹೆತ್ತಿರೋದಾ?" ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಮೇಲೆ ನಾನು ಹಾಲು ತರಲು ಹೋದರೂ ಅಕ್ಕಪಕ್ಕದವರು ಮುಸಿಮುಸಿ ನಗುತ್ತಿದ್ದರು. ನಾಚಿಕೆಯಿಂದ ನಾನೂ ತಲೆ ತಗ್ಗಿಸುತ್ತಿದ್ದೆ. ಎಂಥ ದಡ್ಡತನ!

ಮುಂದೆ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಮಾಡಿದ ಹುಡುಗಿ. ಅಷ್ಟು ಓದಿಯೂ ಅಮ್ಮನ ಮಾತು ತಲೆಯಿಂದ ಇಳಿದಿರಲಿಲ್ಲ. "ನೀನು ಅತ್ತಿಗೆ ತರ ಮಾಡಬೇಡ ಮತ್ತೆ," ಎಂದು ಅತ್ತೆ ನನ್ನ ಎದುರಿಗೇ ದಿನಾ ಅವಳಿಗೆ ಪಾಠ ಹೇಳುತ್ತಿದ್ದರು.

ಅವತ್ತು ಮಧ್ಯಾಹ್ನ ಅಡುಗೆಮನೆಗೆ ಹೋದರೆ, ನಾದಿನಿ ಆ ಹೊಟ್ಟೆ ಹೊತ್ತುಕೊಂಡು ಕೂತು ನೆಲ ಒರೆಸುತ್ತಿದ್ದಳು. ಬಟ್ಟೆಯಲ್ಲಿ ಹಸಿರು ಬಣ್ಣದ ನೀರು. ಅವಳ ಮುಂಗೈ ಮೇಲೆ ಸಾಲಾಗಿ ಹಲ್ಲಿನ ಗುರುತು.

"ಯಾವಾಗಿಂದ ನೋವು?"

"ಬೆಳಗ್ಗೆಯಿಂದ. ಅಮ್ಮಂಗೆ ಹೇಳಬೇಡಿ ಅತ್ತಿಗೆ, ಇನ್ನೂ ತಡ್ಕೊಳ್ತೀನಿ."

ಹೊಟ್ಟೆಯ ನೀರು ಒಡೆದದ್ದನ್ನು ಯಾರಿಗೂ ಗೊತ್ತಾಗದಂತೆ ಒರೆಸಿ ಮುಗಿಸಲು ಹೊರಟವಳು! ನನಗೆ ಮೈ ಉರಿದು ಹೋಯಿತು. ಅತ್ತೆಯನ್ನು ಕರೆದರೆ ಅವರು ಮಗಳ ಮುಖ ನೋಡಿ, "ಚೊಚ್ಚಲು, ಇನ್ನೂ ಟೈಮಿದೆ. ನೋಡು, ಎಷ್ಟು ಗಟ್ಟಿಯಾಗಿದಾಳೆ," ಎಂದರು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಗಂಡನ ಫೋನು ಹತ್ತಲಿಲ್ಲ.

ಆಗ ನಾನು ನನಗೆ ಚೆನ್ನಾಗಿ ಬರುವ ಒಂದೇ ಕೆಲಸ ಮಾಡಿದೆ. ಬಾಗಿಲ ಮೆಟ್ಟಿಲ ಮೇಲೆ ನಿಂತು, ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು, ಗಂಟಲು ಹರಿಯುವಂತೆ ಕೂಗಿದೆ. ನನ್ನನ್ನು ನೋಡಿ ನಗುತ್ತಿದ್ದವರೆಲ್ಲ ಓಡಿ ಬಂದರು. ಎದುರುಮನೆಯ ತಮಿಳಿನ ಅಕ್ಕ "ಅಯ್ಯಯ್ಯೋ, ಎನ್ನಮ್ಮಾ ಆಚು?" ಎನ್ನುತ್ತಲೇ ಗಂಡನನ್ನು ಊಟದ ತಟ್ಟೆಯಿಂದ ಎಬ್ಬಿಸಿ ಆಟೊ ತೆಗೆಸಿದಳು. ಅತ್ತೆ ನನ್ನ ಪಕ್ಕ ಕೂತು ಆಸ್ಪತ್ರೆಯ ದಾರಿಯುದ್ದಕ್ಕೂ, "ಬೀದಿ ಜನಾನೆಲ್ಲ ಸೇರಿಸಿಬಿಟ್ಟೆಯಲ್ಲೇ," ಎಂದು ಗೊಣಗುತ್ತಿದ್ದರು.

"ಮಗು ಒಳಗೇ ಕಕ್ಕ ಮಾಡಿಕೊಂಡಿದೆ. ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಡಾಕ್ಟರಮ್ಮ ರೇಗಿದರು.

"ತಡ್ಕೊಳ್ತಿದ್ವಿ," ಎಂದೆ.

ಜೊತೆಗೆ ಒಬ್ಬರು ಇರಬಹುದು ಎಂದಾಗ ನಾದಿನಿ ಅಮ್ಮನನ್ನು ಬಿಟ್ಟು ನನ್ನ ಕೈ ಹಿಡಿದಳು. ಒಳಗೆ ನರ್ಸು "ಉಸಿರು ಕಟ್ಟಬೇಡಮ್ಮ, ಬಾಯಿ ಬಿಡು, ಕೂಗು," ಎಂದರೆ ಇವಳ ದವಡೆ ಬೀಗ ಹಾಕಿದಂತೆ ಬಿಗಿದಿತ್ತು. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು.

"ಹೇಗೆ ಕೂಗೋದು ಅತ್ತಿಗೆ? ನಂಗೆ ಬರ್ತಾ ಇಲ್ಲ."

ಒಂದು ಮನೆ ತನ್ನ ಮಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಮಾಡಲು ಸಾಧ್ಯವೇ? ನಾನೇ ಮೊದಲು ಕೂಗಿ ತೋರಿಸಿದೆ. ನರ್ಸು ಬೆಚ್ಚಿದಳು. ನಾದಿನಿ ಮೊದಲು ನರಳಿದಳು, ಆಮೇಲೆ ಹೊಟ್ಟೆಯೊಳಗಿಂದ ಕೂಗಿದಳು.

ಮಗು ಬಂತು. ನೀಲಿಗಟ್ಟಿತ್ತು. ಅಳಲಿಲ್ಲ. ಅದನ್ನು ಮೂಲೆಯ ಮೇಜಿಗೆ ಒಯ್ದು, ನನ್ನನ್ನು ಹೊರಗೆ ದಬ್ಬಿದರು.

ಹೊರಗೆ ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಮಾವನೂ ಅಷ್ಟರಲ್ಲಿ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಯಾಕೆ ಮಗು ಸದ್ದು ಕೇಳ್ತಿಲ್ಲ?" ಎಂದರು. ಜನ್ಮವಿಡೀ ಸದ್ದಿಲ್ಲದ್ದನ್ನು ಹೊಗಳಿದ ಹೆಂಗಸು ಮುಚ್ಚಿದ ಬಾಗಿಲಿಗೆ ಕೈ ಮುಗಿದು, "ಅಳೋ ಕಂದ, ಜೋರಾಗಿ ಅಳೋ," ಎಂದು ಬೇಡತೊಡಗಿದರು.

ಎಷ್ಟೋ ಹೊತ್ತಿನ ಮೇಲೆ ಒಳಗಿಂದ ಸಣ್ಣದೊಂದು ಕಿರುಚು ಕೇಳಿತು. ಆಮೇಲೆ ಇನ್ನೊಂದು, ಜೋರಾಗಿ.

ಅತ್ತೆ ನೆಲಕ್ಕೆ ಕುಸಿದು ನನ್ನ ಸೆರಗು ಹಿಡಿದುಕೊಂಡರು. "ನನ್ನ ಮೊದಲನೇದು ಅಳಲೇ ಇಲ್ಲ ಕಣೇ. ನಾನೂ ಕೂಗಲಿಲ್ಲ, ಅದೂ ಕೂಗಲಿಲ್ಲ. ಎತ್ಕೊಂಡು ಹೋಗಿಬಿಟ್ರು." ಆ ಮನೆಯಲ್ಲಿ ಅಂಥದೊಂದು ಮಗು ಹುಟ್ಟಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಬಾಯಿ ದೊಡ್ಡದು ಮಾಡಿ ಅಳುತ್ತಿದ್ದರು. ವರಾಂಡದ ಜನರೆಲ್ಲ ತಿರುಗಿ ನೋಡಿದರು.

ಮಾವ ಬಗ್ಗಿ ಅವರ ಭುಜ ತಟ್ಟಿದರು. "ಶ್! ಜನ ನೋಡ್ತಿದಾರೆ, ಸುಮ್ನಿರು."

"ನೀವು ಸುಮ್ನಿರಿ," ಎಂದೆ ನಾನು.