ಹುಡೇವಿನ ನೆತ್ತಿಗೊಂದು ಪೆಟ್ಟಿಗೆ

ಅವತ್ತು ಎಮ್ಮೆ ಹಿಂಡಿದೆ, ಎರಡು ಕೌದಿ ಒಗೆದು ಹಾಕಿದೆ, ಒಣಮೆಣಸಿನಕಾಯಿ ತೊಟ್ಟು ಮುರಿದೆ, ಅತ್ತೆಯವರ ಕನ್ನಡಕದ ಕಾಲಿಗೆ ದಾರ ಸುತ್ತಿದೆ. ಆಮೇಲೆ ಪಂಚಾಯಿತಿ ಸಭೆಗೆ ಹೋದೆ. ಹುಡೇವು ಉಳಿಯುತ್ತದೋ ಬೀಳುತ್ತದೋ ಅಂದು ತೀರ್ಮಾನವಾಗುವುದಿತ್ತು.

ಹುಡೇವೆಂದರೆ ಹಿಂದಿನವರು ಕಾವಲಿಗೆಂದು ಕಟ್ಟಿದ ದುಂಡನೆಯ ಕಲ್ಲುಗೋಪುರ. ಅಥಣಿಯಿಂದ ಬರುವ ಬಸ್ಸಿನ ಕಂಡಕ್ಟರು ನಮ್ಮೂರ ಹೆಸರು ಕೂಗುವುದಿಲ್ಲ, ‘ಹುಡೇವು ಇಳೀರಿ’ ಎನ್ನುತ್ತಾನೆ. ಮದುವೆಯಾಗಿ ಬಂದಾಗ ನನಗೆ ಮೊದಲು ಕಂಡದ್ದೂ ಅದೇ. ಆದರೆ ಜೋಡಿ ಟ್ರಾಲಿಯ ಕಬ್ಬಿನ ಟ್ರ್ಯಾಕ್ಟರುಗಳು ಅದರ ಪಕ್ಕದ ತಿರುವಿನಲ್ಲಿ ಹೊರಳಲು ಒದ್ದಾಡುತ್ತವೆ. ಕೆಡವಲೇಬೇಕೆಂದು ಹಟ ಹಿಡಿದವನು ಪಂಚಾಯಿತಿ ಮೆಂಬರನಾದ ನನ್ನ ಮೈದುನ. ಎಷ್ಟು ಚಂದ ಇದೆಯಲ್ಲ ಎಂದು ನಾನು ಹೇಳಿದರೆ ನಗುತ್ತಿದ್ದ.

‘ಚಂದ ಐತಿ ಅಂದ್ರ ಒಂದ ಫೋಟೋ ತಗೊಂಡ ಇಟ್ಕೋರಿ ವೈನಿ.’

ಆ ವರ್ಷ ದ್ರಾಕ್ಷಿ ಬೆಳೆಯುವವರೆಲ್ಲ ಕೂಡಿ ತೋಟಕ್ಕೊಂದು ಯಂತ್ರ ನಿಲ್ಲಿಸಿದ್ದರು. ಎಲೆಯ ಮೇಲೆ ತೇವ ಎಷ್ಟು ಹೊತ್ತು ನಿಂತಿತೆಂದು ಅದು ಅಳೆಯುತ್ತದೆ. ಬೂಜು ಹಿಡಿಯುವ ಮೊದಲೇ ಔಷಧಿ ಹೊಡೆಯಿರೆಂದು ಫೋನಿಗೆ ಸುದ್ದಿ ಬರುತ್ತದೆ. ಎಲ್ಲ ಯಂತ್ರಗಳ ಸುದ್ದಿ ಹಿಡಿಯುವ ಒಂದು ಪೆಟ್ಟಿಗೆ ಮಾತ್ರ ಎತ್ತರದಲ್ಲಿರಬೇಕು. ಜೋಡಿಸಲು ಬಂದ ಹುಡುಗಿ ಹುಡೇವು ತೋರಿಸಿದಳು. ಬೀಳುವುದರ ಮೇಲೆ ಯಾಕೆಂದು ಮೈದುನ ಅದನ್ನು ನೀರಿನ ಟಾಕಿಯ ಮೇಲೆ ಕೂಡಿಸಿದ.

ಎಲ್ಲರಿಗೂ ಸುದ್ದಿ ಬಂತು, ಅವನೊಬ್ಬನಿಗೆ ಬರಲಿಲ್ಲ. ಅವನ ತೋಟ ದಿನ್ನೆಯಾಚೆ. ತಗ್ಗಿನ ಟಾಕಿಗೆ ದಿನ್ನೆ ಅಡ್ಡ. ಮೇಲೆ ಮೋಡ ಕವಿದ ವಾರ. ಚಿಗುರು ನೋಡಿ ನೋಡಿ ಅವನ ಮುಖ ಬಾಡಿತು. ಕೊನೆಗೆ ಪೆಟ್ಟಿಗೆ ಹೊತ್ತು ತಾನೇ ಹುಡೇವು ಹತ್ತಿದ. ಇಳಿಯುವಷ್ಟರಲ್ಲಿ ಸುದ್ದಿ ಬಂದಿತ್ತು. ಅಂದೇ ಔಷಧಿ ಹೊಡೆದ, ತೋಟ ಉಳಿಯಿತು.

ಸಭೆಯಲ್ಲಿ ಮೊದಲು ಎದ್ದವನೂ ಅವನೇ. ಟ್ರ್ಯಾಕ್ಟರುಗಳು ಹಳ್ಳದ ದಾರಿಯಿಂದ ಸುತ್ತಿಕೊಂಡು ಹೋಗಲಿ ಎಂದ. ಮೊನ್ನೆ ಕೆಡವಲು ಜೆಸಿಬಿ ತರಿಸಿರೆಂದು ಹೇಳಿದವ ನೀನೇ ಅಲ್ಲವೇ ಎಂದು ಹಿರಿಯರೊಬ್ಬರು ಕೆಣಕಿದರು.

‘ಮೊನ್ನಿ ಮಾತ ಮೊನ್ನಿಗೆ ಮುಗೀತರಿ. ಈಗ ನನ್ನ ಬೆಳಿ ಅದರ ನೆತ್ತಿ ಮ್ಯಾಲ ಕುಂತೈತಿ.’

ಎಲ್ಲರೂ ನಕ್ಕು ಕೈ ಎತ್ತಿದರು. ನಾನೂ ಎತ್ತಿದೆ. ಚಂದಕ್ಕೆ ಉಳಿಯದ್ದು ಪೆಟ್ಟಿಗೆಗಾದರೂ ಉಳಿಯಿತಲ್ಲ, ನನಗೇನೂ ತಕರಾರಿಲ್ಲ.

ತನ್ನ ಮನೆಗೆ ಹೋದರೆ ಟ್ರ್ಯಾಕ್ಟರಿನವರು ಜಗಳಕ್ಕೆ ಬಂದು ಕೂತಿರುತ್ತಾರೆಂದು ಮೈದುನ ರಾತ್ರಿ ನಮ್ಮಲ್ಲೇ ಉಂಡ. ಬಿಸಿ ರೊಟ್ಟಿ, ಝುಣಕ, ಸವತಿಕಾಯಿ, ಗಟ್ಟಿ ಮೊಸರು. ಅತ್ತೆಯವರು ಅವನನ್ನು ಇನ್ನೂ ಕಾಡಿಸುತ್ತಲೇ ಇದ್ದರು. ಅವನು ಗೋಡೆಗೆ ಒರಗಿದಲ್ಲೇ ಎಲ್ಲರಿಗಿಂತ ಮೊದಲು ನಿದ್ದೆ ಹೋದ.